ಮಾತು ತಪ್ಪದ ಶನಿವಾರ



ಫುಟ್‌ಬಾಲಿನ ಕಥೆ ಹೇಳಹೊರಟವರು ಸಾಮಾನ್ಯವಾಗಿ ಮೈದಾನದಿಂದಲೇ ಆರಂಭಿಸುತ್ತಾರೆ. ಆದರೆ ಇಂದು ಲೋಕದ ಉದ್ದಗಲಕ್ಕೂ ಹಬ್ಬಿರುವ ‘ಲೀಗ್’ ಎಂಬ ಪದ್ಧತಿಯ ಮೂಲ ಹುಡುಕುತ್ತ ಹೋದರೆ ಸಿಗುವುದು ಮೈದಾನವಲ್ಲ, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಒಬ್ಬ ಜವಳಿ ವ್ಯಾಪಾರಿ. ಹೆಸರು ವಿಲಿಯಂ ಮೆಕ್‌ಗ್ರೆಗರ್. ಸ್ಕಾಟ್ಲೆಂಡಿನಿಂದ ವ್ಯಾಪಾರಕ್ಕೆಂದು ಬಂದು ನೆಲೆಸಿದವರು, ಮದ್ಯ ಮುಟ್ಟದವರು, ಆಸ್ಟನ್ ವಿಲ್ಲಾ ಎಂಬ ಕ್ಲಬ್ಬಿನ ಆಡಳಿತ ಮಂಡಳಿಯಲ್ಲಿದ್ದವರು. ಆಟಗಾರರಾಗಿ ಅವರಿಗೆ ಹೆಸರಿರಲಿಲ್ಲ. ಆದರೆ ಅಂಗಡಿ ನಡೆಸುವವನಿಗೆ ಗೊತ್ತಿರುವ ಒಂದು ಸತ್ಯ ಅವರಿಗೆ ಚೆನ್ನಾಗಿ ಗೊತ್ತಿತ್ತು. ಬಾಗಿಲು ತೆರೆಯುತ್ತೇನೆಂದು ಹೇಳಿದ ದಿನ ಬಾಗಿಲು ತೆರೆಯದಿದ್ದರೆ ಗಿರಾಕಿ ಮತ್ತೆ ಬರುವುದಿಲ್ಲ.

1888ರ ಮಾರ್ಚ್ 2ರಂದು ಮೆಕ್‌ಗ್ರೆಗರ್ ಕೆಲವು ಪ್ರಮುಖ ಕ್ಲಬ್ಬುಗಳಿಗೆ ಒಂದು ಪತ್ರ ಬರೆದರು. ಹತ್ತು ಹನ್ನೆರಡು ಕ್ಲಬ್ಬುಗಳು ಒಂದುಗೂಡಿ, ಪ್ರತಿ ಋತುವಿನಲ್ಲಿ ಪರಸ್ಪರ ಒಮ್ಮೆ ತಮ್ಮ ಊರಿನಲ್ಲಿ, ಒಮ್ಮೆ ಎದುರಾಳಿಯ ಊರಿನಲ್ಲಿ ಆಡುವ ಕರಾರು ಮಾಡಿಕೊಳ್ಳಬಾರದೇಕೆ ಎಂಬುದು ಪತ್ರದ ಸಾರ. ಆ ಪತ್ರದಿಂದ ಹುಟ್ಟಿದ್ದು ಫುಟ್‌ಬಾಲ್ ಲೀಗ್. ಅದರ ಮೊದಲ ಋತು 1888–89. ಫುಟ್‌ಬಾಲ್ ಜಗತ್ತಿನ ಮೊತ್ತಮೊದಲ ಲೀಗ್ ಋತುವೂ ಅದೇ. ಆ ಋತುವಿನಲ್ಲಿ ಒಂದು ತಂಡ ಒಂದೂ ಪಂದ್ಯ ಸೋಲದೆ ಗೆದ್ದಿತು. ಆ ಗೆಲುವಿನ ಕಥೆ ಪ್ರಸಿದ್ಧ. ಆದರೆ ಗೆಲುವಿಗಿಂತ ದೊಡ್ಡ ಸಂಗತಿಯೊಂದು ಆ ವರ್ಷ ನಡೆಯಿತು: ಆಟಕ್ಕೆ ಮೊದಲ ಬಾರಿಗೆ ಒಂದು ತಪ್ಪದ ಪಂಚಾಂಗ ಸಿಕ್ಕಿತು. ಆ ಪಂಚಾಂಗ ಏಕೆ ಬೇಕಾಯಿತು, ಅದಕ್ಕೆ ಬೆಲೆ ತೆತ್ತವರು ಯಾರು ಎಂಬುದು ಇಂದಿನ ವಿಷಯ.

ಗಿರಣಿ ನಿಂತ ಹೊತ್ತು

ಇಂಗ್ಲೆಂಡಿನಲ್ಲಿ ಫುಟ್‌ಬಾಲಿಗೆ ಲಿಖಿತ ನಿಯಮ ಕೊಟ್ಟವರು ಸಿರಿವಂತರ ಶಾಲೆಗಳಲ್ಲಿ ಓದಿದ ತರುಣರು. 1863ರಲ್ಲಿ ಲಂಡನ್ನಿನ ಒಂದು ಹೋಟೆಲಿನಲ್ಲಿ ಅವರು ಫುಟ್‌ಬಾಲ್ ಅಸೋಸಿಯೇಷನ್ ಸ್ಥಾಪಿಸಿದರು. ಅವರಿಗೆ ವಾರದ ಯಾವ ದಿನವಾದರೂ ಬಿಡುವು. ಆದರೆ ಆಟವನ್ನು ಜನಸಾಗರದ ಆಟವನ್ನಾಗಿ ಮಾಡಿದ್ದು ಉತ್ತರದ ಲ್ಯಾಂಕಾಷೈರ್ ಮತ್ತು ನಡುನಾಡಿನ ಕೈಗಾರಿಕಾ ಪಟ್ಟಣಗಳು. ಅಲ್ಲಿನ ಕಾರ್ಮಿಕನಿಗೆ ಬಿಡುವು ಎಂಬುದು ಕಾನೂನಿನಿಂದ ಬಂದದ್ದು. 1850ರ ಕಾರ್ಖಾನೆ ಕಾಯಿದೆಯ ಪ್ರಕಾರ ಜವಳಿ ಗಿರಣಿಗಳಲ್ಲಿ ಹೆಂಗಸರ ಮತ್ತು ಎಳೆಯರ ಕೆಲಸ ಶನಿವಾರ ಮಧ್ಯಾಹ್ನ 2 ಗಂಟೆಗೆ ನಿಲ್ಲಬೇಕಿತ್ತು. ಅವರಿಲ್ಲದೆ ಗಿರಣಿ ಓಡುವಂತಿರಲಿಲ್ಲವಾದ್ದರಿಂದ ಗಂಡಸರಿಗೂ ಬಿಡುವು ಸಿಕ್ಕಿತು. 1874ರ ಕಾಯಿದೆ ಈ ಬಿಡುವನ್ನು ಇನ್ನಷ್ಟು ಮುಂಚಿತಗೊಳಿಸಿತು. ಭಾನುವಾರ ದೇವರಿಗೆ ಮೀಸಲು, ಅಂದು ಆಟವಿಲ್ಲ. ಉಳಿದದ್ದು ಶನಿವಾರದ ಮಧ್ಯಾಹ್ನ ಒಂದೇ. ಕೈಯಲ್ಲಿ ವಾರದ ಕೂಲಿ, ಎದುರಿಗೆ ನಾಲ್ಕು ಗಂಟೆಗಳ ಬೆಳಕು. ಇಂಗ್ಲೆಂಡಿನಲ್ಲಿ ಫುಟ್‌ಬಾಲ್ ಎಂದರೆ ಶನಿವಾರ ಮಧ್ಯಾಹ್ನ 3 ಗಂಟೆ ಎಂಬ ರೂಢಿಯ ಬೇರು ಇಲ್ಲಿದೆ.

ಈ ಪಟ್ಟಣಗಳ ಬದುಕು ಹತ್ತಿಯ ಎಳೆಯ ಮೇಲೆ ನಿಂತಿತ್ತು. ಆ ಎಳೆ ಕನ್ನಡ ನಾಡಿಗೂ ಚಾಚಿತ್ತು ಎಂಬುದನ್ನು ಇಲ್ಲಿ ನೆನೆಯಬಹುದು. 1861ರಿಂದ 65ರವರೆಗೆ ಅಮೆರಿಕದ ಅಂತರ್ಯುದ್ಧದಿಂದಾಗಿ ಹತ್ತಿ ಬರುವುದು ನಿಂತು ಲ್ಯಾಂಕಾಷೈರಿನ ಗಿರಣಿಗಳು ಮುಚ್ಚಿದಾಗ ಮ್ಯಾಂಚೆಸ್ಟರಿನ ವರ್ತಕರ ಕಣ್ಣು ಧಾರವಾಡ ಸೀಮೆಯ ಎರೆಭೂಮಿಯ ಮೇಲೆ ಬಿತ್ತು. ಅಲ್ಲಿನ ಹತ್ತಿಯನ್ನು ಹಡಗಿಗೆ ಏರಿಸಲು ಕಾರವಾರದಲ್ಲಿ ಬಂದರು ಬೇಕೆಂದು ಅವರು ಒತ್ತಾಯಿಸಿದರು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದುದರ ಹಿಂದೆ ಈ ಒತ್ತಾಯವೂ ಇತ್ತು. ಆ ಹತ್ತಿ ಬರಗಾಲದಲ್ಲಿ ತೀವ್ರವಾಗಿ ಬಳಲಿದ ಪಟ್ಟಣಗಳಲ್ಲಿ ಪ್ರೆಸ್ಟನ್ ಒಂದು. ಮೊದಲ ಲೀಗ್ ಗೆದ್ದದ್ದು ಇದೇ ಊರಿನ ತಂಡ.

ಕೂಲಿ ಪಡೆದು ಆಡುವುದು ಕೀಳೇ?

ನಾಟಕದ ವಿಷಯದಲ್ಲಿ ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂಬ ಎರಡು ಮಾತುಗಳು ಕನ್ನಡಿಗರಿಗೆ ಪರಿಚಿತ. 1880ರ ದಶಕದ ಇಂಗ್ಲೆಂಡಿನಲ್ಲಿ ಫುಟ್‌ಬಾಲಿನ ಸುತ್ತ ಇದೇ ಜಗಳ ಎದ್ದಿತ್ತು. ಆಡುವುದು ಚಾರಿತ್ರ್ಯಕ್ಕಾಗಿ, ಸಂತೋಷಕ್ಕಾಗಿ. ಹಣ ಪಡೆದು ಆಡುವವನು ಆಟವನ್ನು ಮಾರುವವನು ಎಂಬುದು ದಕ್ಷಿಣದ ಸಿರಿವಂತರ ವಾದ. ಉತ್ತರದವರ ಪ್ರಶ್ನೆ ಸರಳವಾಗಿತ್ತು. ದೂರದ ಊರಿಗೆ ಆಡಲು ಹೊರಟ ನೇಕಾರನು ಶನಿವಾರ ಬೆಳಗಿನ ಕೂಲಿ ಕಳೆದುಕೊಳ್ಳುತ್ತಾನೆ. ಆ ಕೂಲಿಯನ್ನು ಅವನಿಗೆ ತುಂಬಿಕೊಡುವವರು ಯಾರು? ಅವನ ಆಟ ನೋಡಲು ಸಾವಿರಾರು ಜನ ಕಾಸು ಕೊಟ್ಟು ಬರುತ್ತಾರೆ. ಆ ಕಾಸು ಯಾರದು?

1883ರಲ್ಲಿ ಎಫ್.ಎ. ಕಪ್ ಫೈನಲ್‌ನಲ್ಲಿ ಬ್ಲ್ಯಾಕ್‌ಬರ್ನ್ ಒಲಿಂಪಿಕ್ ಎಂಬ ತಂಡ ಈಟನ್ ಶಾಲೆಯ ಹಳೆಯ ವಿದ್ಯಾರ್ಥಿಗಳನ್ನು 2–1ರಿಂದ ಸೋಲಿಸಿತು. ಗೆದ್ದವರಲ್ಲಿ ನೇಕಾರರು, ನೂಲುವವರು, ಕೊಳಾಯಿ ಕೆಲಸದವರು ಇದ್ದರು. ಕಪ್ಪು ಉತ್ತರಕ್ಕೆ ಹೋಯಿತು. ಮತ್ತೆಂದೂ ಅದು ಸಿರಿವಂತರ ಶಾಲೆಗಳ ಹಳೆಯ ವಿದ್ಯಾರ್ಥಿಗಳಿಗೆ ಸಿಗಲಿಲ್ಲ. ಮರುವರ್ಷವೇ ಜಗಳ ಬಯಲಿಗೆ ಬಂತು. 1884ರ ಜನವರಿಯಲ್ಲಿ ಪ್ರೆಸ್ಟನ್ ನಾರ್ತ್ ಎಂಡ್ ತಂಡ ಲಂಡನ್ನಿನ ಅಪ್ಟನ್ ಪಾರ್ಕ್ ಜೊತೆ ಕಪ್ ಪಂದ್ಯ ಆಡಿದಾಗ, ಪ್ರೆಸ್ಟನ್ ಹಣ ಕೊಟ್ಟು ಆಟಗಾರರನ್ನು ತಂದಿದೆ ಎಂದು ಎದುರಾಳಿಗಳು ದೂರಿತ್ತರು. ಪ್ರೆಸ್ಟನ್ ತಂಡದ ಸೂತ್ರಧಾರ ವಿಲಿಯಂ ಸುಡೆಲ್ ಅದನ್ನು ಅಲ್ಲಗಳೆಯಲಿಲ್ಲ. ಹೊರಗಿನಿಂದ ಆಟಗಾರರನ್ನು ಕರೆಸಿ ಊರಿನಲ್ಲಿ ಕೆಲಸ ಕೊಡಿಸಿದ್ದು ನಿಜ ಎಂದು ಒಪ್ಪಿಕೊಂಡರು. ಎಲ್ಲರೂ ಗುಟ್ಟಾಗಿ ಮಾಡುತ್ತಿದ್ದುದನ್ನು ಅವರು ಬಹಿರಂಗವಾಗಿ ಹೇಳಿದ್ದರು, ಅಷ್ಟೆ. ಪ್ರೆಸ್ಟನ್ ಕಪ್ಪಿನಿಂದ ಹೊರಬಿತ್ತು. ಆದರೆ ಉತ್ತರದ ಕ್ಲಬ್ಬುಗಳು ಪ್ರತ್ಯೇಕ ಸಂಸ್ಥೆ ಕಟ್ಟುವ ಬೆದರಿಕೆ ಹಾಕಿದ ಮೇಲೆ ಅಸೋಸಿಯೇಷನ್ ಮಣಿಯಿತು. 1885ರ ಜುಲೈ 20ರಂದು, ಹಲವು ನಿರ್ಬಂಧಗಳೊಂದಿಗೆ, ವೃತ್ತಿಪರ ಫುಟ್‌ಬಾಲಿಗೆ ಮಾನ್ಯತೆ ದೊರೆಯಿತು.

ಮಾನ್ಯತೆಯೊಂದಿಗೆ ಹೊಸ ತಲೆನೋವೂ ಬಂತು. ಆಟಗಾರನಿಗೆ ಈಗ ಪ್ರತಿ ವಾರ ಸಂಬಳ ಕೊಡಬೇಕು. ಸಂಬಳ ಬರಬೇಕಾದದ್ದು ಮೈದಾನದ ಬಾಗಿಲಲ್ಲಿ ಸೇರುವ ಕಾಸಿನಿಂದ. ಆದರೆ ಆಗ ನಡೆಯುತ್ತಿದ್ದ ಪಂದ್ಯಗಳು ಎರಡೇ ಬಗೆ. ಒಂದು ಕಪ್ ಪಂದ್ಯ. ಸೋತ ದಿನವೇ ಅದು ಮುಗಿಯಿತು. ಇನ್ನೊಂದು ಸ್ನೇಹ ಪಂದ್ಯ; ಅದಕ್ಕೆ ಬಾಯಿಮಾತೇ ಆಧಾರ. ಎದುರಾಳಿಗೆ ಅದೇ ದಿನ ಕಪ್ ಪಂದ್ಯ ಬಂದರೆ ಸ್ನೇಹ ಪಂದ್ಯ ರದ್ದು. ಬಂದರೂ ಅರ್ಧ ತಂಡ ಬರಬಹುದು, ತಡವಾಗಿ ಬರಬಹುದು, ಬಾರದೆಯೂ ಇರಬಹುದು. ವಾರವಿಡೀ ಕಾದು ಬಂದ ಗಿರಣಿ ಕೆಲಸಗಾರ ಬಾಗಿಲಿನಿಂದಲೇ ಹಿಂದಿರುಗುತ್ತಿದ್ದ. ಪಂದ್ಯ ತಪ್ಪಬಹುದಿತ್ತು, ಸಂಬಳದ ದಿನ ತಪ್ಪುವಂತಿರಲಿಲ್ಲ. ಈ ಎರಡರ ನಡುವಿನ ಬಿರುಕನ್ನು ಮುಚ್ಚಲೆಂದೇ ಮೆಕ್‌ಗ್ರೆಗರ್ ಪತ್ರ ಬರೆದದ್ದು.

ಹನ್ನೆರಡು ಕ್ಲಬ್ಬು, ಇಪ್ಪತ್ತೆರಡು ದಿನ

ಮಾರ್ಚ್ 23ರಂದು, ಕಪ್ ಫೈನಲ್‌ನ ಹಿಂದಿನ ದಿನ, ಲಂಡನ್ನಿನ ಫ್ಲೀಟ್ ಸ್ಟ್ರೀಟಿನ ಆಂಡರ್ಟನ್ಸ್ ಹೋಟೆಲಿನಲ್ಲಿ ಮೊದಲ ಸಭೆ ಸೇರಿತು. ಏಪ್ರಿಲ್ 17ರಂದು ಮ್ಯಾಂಚೆಸ್ಟರಿನ ರಾಯಲ್ ಹೋಟೆಲಿನಲ್ಲಿ ಲೀಗ್ ವಿಧ್ಯುಕ್ತವಾಗಿ ಹುಟ್ಟಿತು. ಹೆಸರಿನ ಬಗ್ಗೆಯೂ ಚರ್ಚೆಯಾಯಿತು. ‘ಲೀಗ್’ ಎಂದರೆ ಆಗ ಐರ್ಲೆಂಡಿನಲ್ಲಿ ಜಮೀನ್ದಾರರ ವಿರುದ್ಧ ಚಳವಳಿ ಹೂಡಿದ್ದ ಲ್ಯಾಂಡ್ ಲೀಗ್ ನೆನಪಾಗುತ್ತದೆ, ಆ ರಾಜಕೀಯದ ವಾಸನೆ ಬೇಡ ಎಂಬುದು ಮೆಕ್‌ಗ್ರೆಗರ್ ಅವರ ಅಳುಕು. ‘ಫುಟ್‌ಬಾಲ್ ಲೀಗ್’ ಎಂಬ ಹೆಸರನ್ನು ಸೂಚಿಸಿ ಗೆಲ್ಲಿಸಿದವರು ಪ್ರೆಸ್ಟನ್ನಿನ ಸುಡೆಲ್.

ಸೇರಿದ ಕ್ಲಬ್ಬುಗಳು ಹನ್ನೆರಡು. ಲ್ಯಾಂಕಾಷೈರಿನಿಂದ ಆರು: ಆಕ್ರಿಂಗ್ಟನ್, ಬ್ಲ್ಯಾಕ್‌ಬರ್ನ್ ರೋವರ್ಸ್, ಬೋಲ್ಟನ್ ವಾಂಡರರ್ಸ್, ಬರ್ನ್‌ಲಿ, ಎವರ್ಟನ್, ಪ್ರೆಸ್ಟನ್ ನಾರ್ತ್ ಎಂಡ್. ನಡುನಾಡಿನಿಂದ ಆರು: ಆಸ್ಟನ್ ವಿಲ್ಲಾ, ಡರ್ಬಿ ಕೌಂಟಿ, ನಾಟ್ಸ್ ಕೌಂಟಿ, ಸ್ಟೋಕ್, ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್, ವುಲ್ವರ್‌ಹ್ಯಾಂಪ್ಟನ್ ವಾಂಡರರ್ಸ್. ಲಂಡನ್ನಿನ ಒಂದು ಕ್ಲಬ್ಬೂ ಇಲ್ಲ. ಹನ್ನೆರಡೇ ಏಕೆಂದರೆ ಲೆಕ್ಕ ಸುಲಭ. ಪ್ರತಿ ಕ್ಲಬ್ಬು ಉಳಿದ ಹನ್ನೊಂದರ ಜೊತೆ ಎರಡೆರಡು ಬಾರಿ ಆಡಿದರೆ 22 ಪಂದ್ಯ, ಒಟ್ಟು 132. ಕಪ್ ಪಂದ್ಯಗಳಿಗೆ ಬಿಟ್ಟು ಉಳಿಯುತ್ತಿದ್ದ ದಿನಗಳೂ ಅಷ್ಟೆ. ಮ್ಯಾಂಚೆಸ್ಟರ್ ಸಭೆಗೆ ಬಂದಿದ್ದ ನಾಟಿಂಗ್‌ಹ್ಯಾಮ್ ಫಾರೆಸ್ಟ್, ಶೆಫೀಲ್ಡ್ ವೆನ್ಸ್‌ಡೇ, ಹ್ಯಾಲಿವೆಲ್ ಕ್ಲಬ್ಬುಗಳಿಗೆ ಜಾಗವಿಲ್ಲವೆಂದು ಹೇಳಿ ಕಳುಹಿಸಲಾಯಿತು. ಅಂದರೆ ಹುಟ್ಟಿದ ದಿನವೇ ಲೀಗಿಗೆ ಒಂದು ಬೇಲಿ ಬಿತ್ತು: ಒಳಗಿರುವವರಿಗೆ ಭದ್ರತೆ, ಹೊರಗಿರುವವರಿಗೆ ಕಾಯುವಿಕೆ.

ಇಲ್ಲಿ ಕಪ್ಪಿಗೂ ಲೀಗಿಗೂ ಇರುವ ವ್ಯತ್ಯಾಸವನ್ನು ಗಮನಿಸಬೇಕು. ಕಪ್ಪಿನಲ್ಲಿ ಒಂದು ಕೆಟ್ಟ ಮಧ್ಯಾಹ್ನ ಇಡೀ ವರ್ಷವನ್ನು ನುಂಗಬಹುದು. ಲೀಗಿನಲ್ಲಿ ಹಾಗಲ್ಲ. ಸೆಪ್ಟೆಂಬರಿನಲ್ಲಿ ಕಳೆದುಕೊಂಡದ್ದನ್ನು ಜನವರಿಯಲ್ಲಿ ಗಳಿಸಬಹುದು. ಸೆಪ್ಟೆಂಬರಿನಲ್ಲಿ ಗಳಿಸಿದ್ದನ್ನು ಜನವರಿಯಲ್ಲಿ ಕಾಯಬೇಕು. ಅಷ್ಟೇ ಅಲ್ಲ, ತನ್ನ ಊರಿನ ಪಂದ್ಯ ಮುಗಿದ ಮೇಲೂ ಪ್ರೇಕ್ಷಕನ ಕುತೂಹಲ ಮುಗಿಯುವುದಿಲ್ಲ. ನೂರು ಮೈಲಿ ದೂರದಲ್ಲಿ ಅಪರಿಚಿತರಿಬ್ಬರು ಆಡಿದ ಪಂದ್ಯವೂ ಅವನ ತಂಡದ ಸ್ಥಾನವನ್ನು ಬದಲಿಸುತ್ತದೆ. ಒಂದು ಅಂಕಪಟ್ಟಿ ಬೇರೆಬೇರೆ ಊರುಗಳ ಶನಿವಾರಗಳನ್ನು ಒಂದೇ ದಾರಕ್ಕೆ ಪೋಣಿಸಿತು. ತಂಡಗಳನ್ನು ಊರೂರಿಗೆ ಒಯ್ಯಲು ರೈಲು, ಫಲಿತಾಂಶ ಮುಟ್ಟಿಸಲು ತಂತಿ, ಅದನ್ನು ಅಚ್ಚು ಹಾಕಲು ಸಂಜೆ ಪತ್ರಿಕೆ, ಈ ಮೂರೂ ಆಗ ಸಿದ್ಧವಾಗಿದ್ದವು.

ಮೊದಲ ಋತು

1888ರ ಸೆಪ್ಟೆಂಬರ್ 8ರ ಶನಿವಾರ ಐದು ಪಂದ್ಯಗಳೊಂದಿಗೆ ಲೀಗ್ ಆರಂಭವಾಯಿತು. ಪ್ರೆಸ್ಟನ್ ಬರ್ನ್‌ಲಿಯನ್ನು 5–2ರಿಂದ, ಡರ್ಬಿ ಬೋಲ್ಟನ್ನನ್ನು 6–3ರಿಂದ, ಎವರ್ಟನ್ ಆಕ್ರಿಂಗ್ಟನ್ನನ್ನು 2–1ರಿಂದ, ವೆಸ್ಟ್ ಬ್ರಾಮ್‌ವಿಚ್ ಸ್ಟೋಕನ್ನು 2–0ಯಿಂದ ಸೋಲಿಸಿದವು. ವುಲ್ವರ್‌ಹ್ಯಾಂಪ್ಟನ್ ಮತ್ತು ವಿಲ್ಲಾ 1–1ರಲ್ಲಿ ಸಮ. ಅಂದಿನ ಪಂದ್ಯಗಳು ಒಂದೇ ಹೊತ್ತಿಗೆ ಆರಂಭವಾಗಿರಲಿಲ್ಲ. ಹೀಗಾಗಿ ಲೀಗಿನ ಮೊದಲ ಗೋಲು ಯಾರದೆಂಬುದು ನೂರಕ್ಕೂ ಹೆಚ್ಚು ವರ್ಷ ಗೊಂದಲದಲ್ಲಿತ್ತು. ವಿಲ್ಲಾದ ಗರ್ಶಮ್ ಕಾಕ್ಸ್ ತನ್ನದೇ ಗೋಲಿನೊಳಕ್ಕೆ ಚೆಂಡು ಹಾಕಿಕೊಂಡದ್ದೇ ಮೊದಲನೆಯದು ಎಂದು ಬಹುಕಾಲ ನಂಬಲಾಗಿತ್ತು. ಪಂದ್ಯಗಳು ಆರಂಭವಾದ ಹೊತ್ತನ್ನು ಹಳೆಯ ಪತ್ರಿಕೆಗಳಿಂದ ಹೆಕ್ಕಿ ತೆಗೆದ ಸಂಶೋಧಕರು 2013ರಲ್ಲಿ ಆ ಗೌರವವನ್ನು ಬೋಲ್ಟನ್ನಿನ ಕೆನ್ನಿ ಡೇವನ್‌ಪೋರ್ಟ್ ಹೆಸರಿಗೆ ಬರೆದರು.

ಇಂದಿನ ಪ್ರೇಕ್ಷಕ ಅಂದಿನ ಮೈದಾನಕ್ಕೆ ಹೋದರೆ ಕಣ್ಣುಜ್ಜಿಕೊಳ್ಳಬೇಕಾದೀತು. ಗೋಲಿನ ಹಿಂದೆ ಬಲೆ ಇರಲಿಲ್ಲ. ಚೆಂಡು ಕಂಬದ ಒಳಗೆ ಹೋಯಿತೋ ಹೊರಗೆ ಹೋಯಿತೋ ಎಂಬುದೇ ಜಗಳದ ವಿಷಯ. ಪೆನಾಲ್ಟಿ ಒದೆತ ಇರಲಿಲ್ಲ. ಅದು ಬಂದದ್ದು 1891ರಲ್ಲಿ. ಗೋಲ್‌ಕೀಪರ್ ತನ್ನ ಅರ್ಧ ಅಂಗಣದಲ್ಲಿ ಎಲ್ಲಿ ಬೇಕಾದರೂ ಚೆಂಡನ್ನು ಕೈಯಿಂದ ಮುಟ್ಟಬಹುದಿತ್ತು. ಆ ಸ್ವಾತಂತ್ರ್ಯ ಹೋದದ್ದು 1912ರಲ್ಲಿ. ತೀರ್ಪು ಕೊಡಲು ಒಂದೊಂದು ಕಡೆಗೆ ಒಬ್ಬೊಬ್ಬ ಅಂಪೈರ್. ಅವರಿಬ್ಬರೂ ಒಪ್ಪದಿದ್ದರೆ ಮಾತ್ರ ಗೆರೆಯ ಹೊರಗೆ ನಿಂತ ರೆಫರಿಯ ಮಾತು. ಇವೆಲ್ಲಕ್ಕಿಂತ ವಿಚಿತ್ರವಾದ ಸಂಗತಿ ಎಂದರೆ ಲೀಗ್ ಆರಂಭವಾದಾಗ ಗೆದ್ದವರನ್ನು ಹೇಗೆ ನಿರ್ಧರಿಸಬೇಕೆಂಬುದೇ ತೀರ್ಮಾನವಾಗಿರಲಿಲ್ಲ! ಗೆಲುವಿಗೆ ಮಾತ್ರ ಅಂಕವೇ, ಸಮ ಪಂದ್ಯಕ್ಕೂ ಉಂಟೇ ಎಂಬ ಚರ್ಚೆ ನಡೆದು, ಗೆಲುವಿಗೆ 2, ಸಮಕ್ಕೆ 1 ಎಂಬ ನಿಯಮ ಬಂದದ್ದು ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಋತು ಎರಡೂವರೆ ತಿಂಗಳು ಸಾಗಿತ್ತು.

ಮಾತು ಕೊಟ್ಟರೂ ಉಳಿಸಿಕೊಳ್ಳುವುದು ಸುಲಭವಾಗಿರಲಿಲ್ಲ. ಅಕ್ಟೋಬರ್ 6ರಂದು ಪ್ರೆಸ್ಟನ್ನಿಗೆ ಬಂದ ಸ್ಟೋಕ್ ತಂಡದಲ್ಲಿ ಇದ್ದವರು ಒಂಬತ್ತೇ ಮಂದಿ. ಹಳೆಯ ಕಾಲವಾಗಿದ್ದರೆ ಪಂದ್ಯ ರದ್ದಾಗುತ್ತಿತ್ತು. ಈಗ ಪ್ರೆಸ್ಟನ್ ತನ್ನ ಇಬ್ಬರು ಮೀಸಲು ಆಟಗಾರರನ್ನು ಎದುರಾಳಿಗೇ ಕಡ ಕೊಟ್ಟಿತು, ಪಂದ್ಯ ನಡೆಯಿತು, ಪ್ರೆಸ್ಟನ್ 7–0ಯಿಂದ ಗೆದ್ದಿತು. ನಗೆ ಬರುವ ಪ್ರಸಂಗವೇನೋ ಹೌದು. ಆದರೆ ಲೀಗ್ ಎಂದರೇನು ಎಂಬುದು ಅಂದು ಆ ಮೈದಾನದಲ್ಲಿ ಸ್ಪಷ್ಟವಾಯಿತು. ಎದುರಾಳಿ ಬಲವಾಗಿರಲಿ, ದುರ್ಬಲನಾಗಿರಲಿ, ಅವನಿಲ್ಲದೆ ಆಟವಿಲ್ಲ. ಎದುರಾಳಿಯೂ ಒಂದರ್ಥದಲ್ಲಿ ಪಾಲುದಾರ.

ಸೋಲಿಲ್ಲದ ಸರದಾರರು

ಪ್ರೆಸ್ಟನ್ ತಂಡವನ್ನು ಕಟ್ಟಿದ ಸುಡೆಲ್ ಹತ್ತಿ ಗಿರಣಿಯೊಂದರ ವ್ಯವಸ್ಥಾಪಕರು. 1881ರಲ್ಲಿ ಅವರ ತಂಡ ನೆರೆಯ ಬ್ಲ್ಯಾಕ್‌ಬರ್ನ್ ರೋವರ್ಸ್ ಎದುರು 16–0ಯಿಂದ ಸೋತಿತ್ತು. ಅಲ್ಲಿಂದ ಅವರು ಸ್ಕಾಟ್ಲೆಂಡಿನ ಕಡೆ ಮುಖ ಮಾಡಿದರು. ಇಂಗ್ಲಿಷರು ಆಗ ಚೆಂಡನ್ನು ಒಬ್ಬನೇ ಕಾಲಲ್ಲಿ ಇಟ್ಟುಕೊಂಡು ನುಗ್ಗುವುದನ್ನೇ ಆಟವೆಂದು ತಿಳಿದಿದ್ದರು. ಸ್ಕಾಟರು ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸುತ್ತ ಸಾಗುವ ಹೊಂದಾಣಿಕೆಯ ಆಟ ಕಲಿತಿದ್ದರು. ಸುಡೆಲ್ ಕರೆತಂದವರಲ್ಲಿ ನಿಕ್ ರಾಸ್ ಮತ್ತು ಜಿಮ್ಮಿ ರಾಸ್ ಎಂಬ ಅಣ್ಣತಮ್ಮಂದಿರು, ಡೇವಿಡ್ ರಸೆಲ್, ಜಾರ್ಡಿ ಡ್ರಮಂಡ್, ಜಾನ್ ಗೋರ್ಡನ್, ಸ್ಯಾಮ್ ಥಾಮ್ಸನ್ ಇದ್ದರು. ಸ್ಕಾಟ್ ತಂದೆತಾಯಿಗಳಿಗೆ ಲಂಡನ್ನಿನಲ್ಲಿ ಹುಟ್ಟಿ ಸ್ಕಾಟ್ಲೆಂಡಿನಲ್ಲಿ ಬೆಳೆದ ಜಾನ್ ಗುಡಾಲ್ ಇದ್ದರು. ಇವರ ನಡುವೆ ಸಂಬಳವಿಲ್ಲದೆ ಆಡುತ್ತಿದ್ದ ಶಾಲಾ ಮಾಸ್ತರ ಫ್ರೆಡ್ ಡ್ಯೂಹರ್ಸ್ಟ್ ಕೂಡ. ವೃತ್ತಿಪರನೂ ಹವ್ಯಾಸಿಯೂ ಒಂದೇ ಅಂಗಿ ತೊಟ್ಟರೆ ಆಕಾಶವೇನೂ ಬೀಳುವುದಿಲ್ಲವೆಂದು ಈ ತಂಡ ತೋರಿಸಿತು.

ಲೀಗಿಗೆ ಮುಂಚೆಯೇ ಈ ತಂಡದ ಹೆಸರು ಹಬ್ಬಿತ್ತು. 1887ರ ಅಕ್ಟೋಬರಿನಲ್ಲಿ ಒಂದು ಕಪ್ ಪಂದ್ಯದಲ್ಲಿ ಹೈಡ್ ತಂಡವನ್ನು ಅದು 26–0ಯಿಂದ ಸೋಲಿಸಿತ್ತು. ಆದರೆ ಹೆಮ್ಮೆಗೆ ಪೆಟ್ಟೂ ಬಿದ್ದಿತ್ತು. 1888ರ ಕಪ್ ಫೈನಲ್‌ಗೆ ಮೊದಲೇ, ಅಂಗಿ ಕೊಳೆಯಾಗುವ ಮುನ್ನ ಕಪ್ಪಿನೊಂದಿಗೆ ಚಿತ್ರ ತೆಗೆಸಿಕೊಳ್ಳಲು ಪ್ರೆಸ್ಟನ್ ಆಟಗಾರರು ಕೇಳಿದರೆಂದೂ, ಮೊದಲು ಗೆದ್ದು ಬನ್ನಿ ಎಂದು ರೆಫರಿ ಮೇಜರ್ ಮ್ಯಾರಿಂಡಿನ್ ಗದರಿಸಿದರೆಂದೂ ಒಂದು ಕಥೆ ಪ್ರಚಲಿತವಾಗಿದೆ. ಕಥೆ ಹೇಗಾದರೂ ಇರಲಿ, ಅಂದು ವೆಸ್ಟ್ ಬ್ರಾಮ್‌ವಿಚ್ 2–1ರಿಂದ ಗೆದ್ದದ್ದು ನಿಜ.

ಮರು ಋತುವಿನಲ್ಲಿ ಅಂಥ ತಪ್ಪು ಆಗಲಿಲ್ಲ. ನಿಕ್ ರಾಸ್ ಹೆಚ್ಚಿನ ಸಂಬಳಕ್ಕಾಗಿ ಎವರ್ಟನ್ ಸೇರಿದ್ದರು. ಪ್ರೆಸ್ಟನ್ನಿಗೆ ಅದರ ಕೊರತೆ ಕಾಣಲಿಲ್ಲ. 22 ಪಂದ್ಯಗಳಲ್ಲಿ 18 ಗೆಲುವು, 4 ಸಮ, ಸೋಲು ಇಲ್ಲ. ಹೊಡೆದ ಗೋಲು 74, ಬಿಟ್ಟುಕೊಟ್ಟದ್ದು 15. ಅಂಕ 40. ಜನವರಿ ಮೊದಲ ವಾರದಲ್ಲೇ ಪ್ರಶಸ್ತಿ ಖಚಿತವಾಗಿತ್ತು. ಎರಡನೆಯ ಸ್ಥಾನದ ಆಸ್ಟನ್ ವಿಲ್ಲಾಕ್ಕೆ 29 ಅಂಕ. ನಡುವಿನ ಅಂತರ 11. ಮಾರ್ಚ್ 30ರಂದು ಲಂಡನ್ನಿನ ಓವಲ್ ಮೈದಾನದಲ್ಲಿ ವುಲ್ವರ್‌ಹ್ಯಾಂಪ್ಟನ್ನನ್ನು 3–0ಯಿಂದ ಸೋಲಿಸಿ ಪ್ರೆಸ್ಟನ್ ಕಪ್ಪನ್ನೂ ಗೆದ್ದಿತು. ಆ ವರ್ಷದ ಕಪ್ ಪಂದ್ಯಗಳಲ್ಲಿ ಅದರ ವಿರುದ್ಧ ಒಂದೇ ಒಂದು ಗೋಲೂ ಬೀಳಲಿಲ್ಲ. ‘ಅಜೇಯರು’ ಎಂಬ ಬಿರುದು ಹೀಗೆ ಬಂದದ್ದು. ಇಂಗ್ಲೆಂಡಿನ ಅಗ್ರ ಲೀಗಿನಲ್ಲಿ ಇಡೀ ಋತು ಸೋಲದ ಇನ್ನೊಂದು ತಂಡವನ್ನು ಕಾಣಲು ಜನ 2003–04ರ ಆರ್ಸೆನಲ್‌ವರೆಗೆ ಕಾಯಬೇಕಾಯಿತು.

ಅಂಕಪಟ್ಟಿಯ ಇನ್ನೊಂದು ತುದಿಯನ್ನೂ ನೋಡಬೇಕು. ಸ್ಟೋಕ್ ಮತ್ತು ನಾಟ್ಸ್ ಕೌಂಟಿಗೆ ತಲಾ 12 ಅಂಕ, ಡರ್ಬಿಗೆ 16, ಬರ್ನ್‌ಲಿಗೆ 17. ಕೆಳಗಿನ ಈ ನಾಲ್ಕು ಕ್ಲಬ್ಬುಗಳು ಮುಂದಿನ ವರ್ಷ ಮುಂದುವರಿಯಲು ಉಳಿದ ಸದಸ್ಯರ ಮತ ಕೇಳಬೇಕಿತ್ತು. ಆಗ ಎರಡನೆಯ ದರ್ಜೆ ಇರಲಿಲ್ಲ. ಬಡ್ತಿ, ಹಿಂಬಡ್ತಿಯ ಏರ್ಪಾಡೂ ಇರಲಿಲ್ಲ. ನಾಲ್ಕೂ ಮತ್ತೆ ಆಯ್ಕೆಯಾದವು. ಒಟ್ಟು 132 ಪಂದ್ಯಗಳನ್ನು ನೋಡಲು ಬಂದವರು ಸುಮಾರು 6 ಲಕ್ಷ ಜನ. ಸರಾಸರಿ ಪಂದ್ಯಕ್ಕೆ ನಾಲ್ಕೂವರೆ ಸಾವಿರ. ಇಂದಿನ ಕಣ್ಣಿಗೆ ಅಲ್ಪವೆನಿಸಿದರೂ ಆ ಜನ ಮತ್ತೆ ಮತ್ತೆ ಬಂದರೆಂಬುದೇ ಮುಖ್ಯ. ಬಂದ ದಿನ ಪಂದ್ಯ ಇದ್ದೇ ಇರುತ್ತದೆಂಬ ನಂಬಿಕೆ ಅವರಲ್ಲಿ ಬೇರೂರಿತು.

ಲೆಕ್ಕದ ಪುಸ್ತಕ

ಪ್ರೆಸ್ಟನ್ 1889–90ರಲ್ಲೂ ಲೀಗ್ ಗೆದ್ದಿತು. ಮುಂದಿನ ಮೂರು ವರ್ಷ ಎರಡನೆಯ ಸ್ಥಾನ. ಆಮೇಲೆ ಇಂದಿನವರೆಗೂ ಅದು ಇಂಗ್ಲೆಂಡಿನ ಅಗ್ರ ಪ್ರಶಸ್ತಿ ಗೆದ್ದಿಲ್ಲ. ಏಕೆ? ಒಂದು ಕಾರಣ, ದೊಡ್ಡ ನಗರಗಳ ಕ್ಲಬ್ಬುಗಳು ಬೆಳೆದವು. ಹೆಚ್ಚು ಜನ, ಹೆಚ್ಚು ಕಾಸು, ಹೆಚ್ಚು ಸಂಬಳ. ಇನ್ನೊಂದು ಕಾರಣ 1895ರಲ್ಲಿ ನ್ಯಾಯಾಲಯದಲ್ಲಿ ಬಯಲಾಯಿತು. ಸುಡೆಲ್ ತಾವು ದುಡಿಯುತ್ತಿದ್ದ ಗಿರಣಿಯ ಲೆಕ್ಕದ ಪುಸ್ತಕಗಳನ್ನು ವರ್ಷಗಳ ಕಾಲ ತಿದ್ದಿ, 5 ಸಾವಿರ ಪೌಂಡಿಗೂ ಮಿಕ್ಕಿದ ಹಣ ತೆಗೆದಿದ್ದರು. ಅದರಲ್ಲಿ ಬಹುಪಾಲು ತಂಡಕ್ಕೆ, ಆಟಗಾರರ ಆದರೋಪಚಾರಕ್ಕೆ ಹೋಗಿತ್ತು. ಅವರಿಗೆ ಮೂರು ವರ್ಷ ಸೆರೆವಾಸವಾಯಿತು. ಹೊರಬಂದ ಮೇಲೆ ಅವರು ದಕ್ಷಿಣ ಆಫ್ರಿಕಕ್ಕೆ ಹೋಗಿ ಅಲ್ಲೇ ಪತ್ರಿಕೆಗೆ ಕ್ರೀಡಾ ವರದಿ ಬರೆಯುತ್ತ ಉಳಿದರು.

ಈ ಪ್ರಸಂಗವನ್ನು ಒಬ್ಬ ವ್ಯಕ್ತಿಯ ಪತನವೆಂದು ಮಾತ್ರ ನೋಡಿದರೆ ಅರ್ಧ ಸತ್ಯ ಕಂಡಂತೆ. ಆಟಗಾರನಿಗೆ ಹಣ ಕೊಡುವುದು ತಪ್ಪಲ್ಲವೆಂದು ಇಡೀ ದೇಶದೆದುರು ಧೈರ್ಯವಾಗಿ ಹೇಳಿದವರು ಸುಡೆಲ್. ಆದರೆ ಆ ಹಣ ಎಲ್ಲಿಂದ ಬರಬೇಕೆಂಬ ಪ್ರಶ್ನೆಗೆ ಅವರಲ್ಲಿ ಪ್ರಾಮಾಣಿಕ ಉತ್ತರ ಇರಲಿಲ್ಲ. ಮೆಕ್‌ಗ್ರೆಗರ್ ಹುಡುಕಿದ್ದು ಅದೇ ಪ್ರಶ್ನೆಗೆ ಉತ್ತರ: ಖಚಿತ ಪಂದ್ಯ, ಖಚಿತ ಪ್ರೇಕ್ಷಕ, ಖಚಿತ ಆದಾಯ. ಮೊದಲ ಋತುವಿನ ಅಜೇಯ ತಂಡ ಆ ಆದಾಯದ ಮಿತಿಯಲ್ಲಿ ನಿಂತಿರಲಿಲ್ಲ ಎಂಬುದು ಚರಿತ್ರೆಯ ವ್ಯಂಗ್ಯ. ಆದಾಯ ಮೀರಿ ಗೆಲುವು ಕೊಳ್ಳುವ ಚಾಳಿಯೂ ಲೀಗಿನಷ್ಟೇ ಹಳೆಯದು.

ಆಟಗಾರನ ಪಾಡೇನಾಯಿತು? ಸಂಬಳ ವಾರವಾರ ಸಿಗತೊಡಗಿತು; ಅದು ಸಣ್ಣ ಸಂಗತಿಯಲ್ಲ. ಆದರೆ ಕ್ಲಬ್ಬುಗಳು ಒಂದಾದಾಗ ಆಟಗಾರ ಒಂಟಿಯಾದ. ಒಮ್ಮೆ ಒಂದು ಕ್ಲಬ್ಬಿನಲ್ಲಿ ಹೆಸರು ದಾಖಲಾದರೆ ಅದರ ಒಪ್ಪಿಗೆಯಿಲ್ಲದೆ ಬೇರೆಡೆ ಆಡುವಂತಿಲ್ಲ ಎಂಬ ಕಟ್ಟು 1893ರಿಂದ ಬಿಗಿಯಾಯಿತು. 1888ರಲ್ಲಿ ನಿಕ್ ರಾಸ್ ಎವರ್ಟನ್ನಿಗೆ ಹೋಗಿ ಮರುವರ್ಷ ಹಿಂದಿರುಗಿದ ಸ್ವಾತಂತ್ರ್ಯ ಆಮೇಲಿನವರಿಗೆ ಸಿಗಲಿಲ್ಲ. ಸ್ವತಃ ರಾಸ್ 1894ರಲ್ಲಿ ಕ್ಷಯರೋಗದಿಂದ ತೀರಿಕೊಂಡರು. ವಯಸ್ಸು ಮೂವತ್ತರ ಆಸುಪಾಸು. 1901ರಿಂದ ಸಂಬಳಕ್ಕೆ ವಾರಕ್ಕೆ 4 ಪೌಂಡಿನ ಗರಿಷ್ಠ ಮಿತಿ ಬಂತು. ಮಿತಿಯ ಮೊತ್ತ ಕಾಲಕ್ಕೆ ತಕ್ಕಂತೆ ಏರಿತಾದರೂ ಮಿತಿ ಎಂಬುದು ಹೋದದ್ದು 1961ರಲ್ಲಿ, ಆಟಗಾರರು ಮುಷ್ಕರದ ಬೆದರಿಕೆ ಹಾಕಿದ ಮೇಲೆ. ಕೂಲಿ ಪಡೆಯುವ ಹಕ್ಕನ್ನು 1885ರಲ್ಲಿ ಗೆದ್ದವನಿಗೆ ಕೂಲಿಯ ಚೌಕಾಸಿ ಮಾಡುವ ಹಕ್ಕು ಸಿಗಲು ಇನ್ನೂ 76 ವರ್ಷ ಬೇಕಾಯಿತು.

ಭಾರತದ ಪಂಚಾಂಗ

ಇಂಗ್ಲೆಂಡಿನಲ್ಲಿ ಲೀಗ್ ಹುಟ್ಟಿದ 1888ರಲ್ಲೇ ಭಾರತದಲ್ಲಿ ಡ್ಯುರಾಂಡ್ ಕಪ್ ಹುಟ್ಟಿತು. ಸಿಮ್ಲಾದಲ್ಲಿ ಬ್ರಿಟಿಷ್ ಸೈನ್ಯದ ತಂಡಗಳಿಗಾಗಿ ಆರಂಭವಾದ ಟೂರ್ನಿ ಅದು. ಕಪ್ ಪದ್ಧತಿ ಇಲ್ಲಿ ಬೇಗ ಬೇರೂರಿತು. ಊರೂರಿನ ಸ್ಥಳೀಯ ಲೀಗುಗಳೂ ಬೆಳೆದವು. ರಾಷ್ಟ್ರಮಟ್ಟದ ಲೀಗ್ ಮಾತ್ರ ಬಂದದ್ದು 108 ವರ್ಷಗಳ ನಂತರ, 1996ರ ಡಿಸೆಂಬರಿನಲ್ಲಿ. 1996–97ರ ಆ ಮೊದಲ ರಾಷ್ಟ್ರೀಯ ಲೀಗ್ ಗೆದ್ದ ತಂಡ ಪಂಜಾಬಿನ ಜೆ.ಸಿ.ಟಿ., ಅಂದರೆ ಜಗತ್‌ಜಿತ್ ಜವಳಿ ಗಿರಣಿಯ ತಂಡ. ಅಲ್ಲಿಯಂತೆ ಇಲ್ಲಿಯೂ ಮೊದಲ ಪ್ರಶಸ್ತಿ ಹತ್ತಿಯ ನಂಟಿನವರಿಗೆ. ವೆಚ್ಚ ನಿಭಾಯಿಸಲಾಗದೆ 2011ರಲ್ಲಿ ಆ ತಂಡವನ್ನು ವಿಸರ್ಜಿಸಲಾಯಿತು. 2013–14ರಲ್ಲಿ ಬೆಂಗಳೂರು ಎಫ್.ಸಿ. ತನ್ನ ಮೊದಲ ವರ್ಷವೇ ಐ–ಲೀಗ್ ಗೆದ್ದು ಕನ್ನಡ ನಾಡಿಗೆ ರಾಷ್ಟ್ರೀಯ ಪ್ರಶಸ್ತಿ ತಂದಿತು.

ಪಂಚಾಂಗ ತಪ್ಪಿದರೆ ಏನಾಗುತ್ತದೆಂಬುದನ್ನೂ ಇದೇ ನೆಲ ಕಂಡಿದೆ. 2025ರ ಜುಲೈನಲ್ಲಿ, ಫೆಡರೇಷನ್ನಿನೊಂದಿಗಿನ ಒಪ್ಪಂದದ ನವೀಕರಣ ಇತ್ಯರ್ಥವಾಗದೆ, ಇಂಡಿಯನ್ ಸೂಪರ್ ಲೀಗಿನ ಸಂಘಟಕರು ಮುಂದಿನ ಋತುವನ್ನು ತಡೆಹಿಡಿದರು. ಯಾವ ದಿನ ಯಾರ ಜೊತೆ ಆಟ ಎಂಬುದು ಯಾರಿಗೂ ತಿಳಿಯದಂತಾಯಿತು. ಆಗಸ್ಟಿನಲ್ಲಿ ಬೆಂಗಳೂರು ಎಫ್.ಸಿ. ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳ ಕೊಡುವುದನ್ನು ನಿಲ್ಲಿಸಬೇಕಾಯಿತು. ಮೆಕ್‌ಗ್ರೆಗರ್ ಪತ್ರ ಬರೆಯುವ ಮುನ್ನ ಇದ್ದ ಬಿರುಕು ಅದೇ ರೂಪದಲ್ಲಿ ಮತ್ತೆ ಬಾಯಿ ತೆರೆದಿತ್ತು. ನಕ್ಷತ್ರ ಆಟಗಾರನೊಬ್ಬ ಅದನ್ನು ತಾಳಿಕೊಂಡಾನು. ಅಂಗಿ ಒಗೆಯುವವನು, ಹುಲ್ಲು ಕತ್ತರಿಸುವವನು, ಆಗಷ್ಟೇ ಊರು ಬಿಟ್ಟು ಬಂದ ಹದಿನೆಂಟರ ಹುಡುಗ ತಾಳಿಕೊಳ್ಳುವುದು ಕಷ್ಟ.

ಮೊದಲ ಲೀಗಿನ ಹನ್ನೆರಡು ಕ್ಲಬ್ಬುಗಳಲ್ಲಿ ಆಕ್ರಿಂಗ್ಟನ್ ಒಂದು 1893ರಲ್ಲಿ ಲೀಗ್ ತೊರೆದು ಕೆಲವೇ ವರ್ಷಗಳಲ್ಲಿ ಮುಚ್ಚಿಹೋಯಿತು. ಉಳಿದ ಹನ್ನೊಂದೂ ಇಂದಿಗೂ ಆಡುತ್ತಿವೆ. ಅವುಗಳನ್ನು ಉಳಿಸಿದ್ದು ಗೆಲುವಲ್ಲ. ಗೆಲುವು ಒಂದು ವರ್ಷಕ್ಕೆ ಒಬ್ಬರಿಗೇ ಸಿಗುವುದು. ಮುಂದಿನ ಶನಿವಾರವೂ ಪಂದ್ಯ ಉಂಟು ಎಂಬ ಭರವಸೆ ಅವುಗಳನ್ನು ಉಳಿಸಿತು. ಆ ಭರವಸೆಯನ್ನು ಕಟ್ಟಿದ ಇಬ್ಬರೂ ತೀರಿಕೊಂಡದ್ದು ಒಂದೇ ವರ್ಷ, 1911ರಲ್ಲಿ. ಸುಡೆಲ್ ದೂರದ ಕೇಪ್‌ಟೌನಿನಲ್ಲಿ, ಮೆಕ್‌ಗ್ರೆಗರ್ ಬರ್ಮಿಂಗ್‌ಹ್ಯಾಮಿನಲ್ಲಿ. ಮೆಕ್‌ಗ್ರೆಗರ್ ಅವರ ಪ್ರತಿಮೆ 2009ರಿಂದ ವಿಲ್ಲಾ ಪಾರ್ಕ್ ಮೈದಾನದ ಹೊರಗೆ ನಿಂತಿದೆ. ಪಂದ್ಯದ ದಿನ ಜನ ಅದರ ಪಕ್ಕದಲ್ಲೇ ಹಾದು ಒಳಗೆ ಹೋಗುತ್ತಾರೆ. ಇಂದು ಪಂದ್ಯ ಇದೆಯೋ ಇಲ್ಲವೋ ಎಂದು ಅವರು ಯಾರನ್ನೂ ಕೇಳಬೇಕಾಗಿಲ್ಲ.